ಗುಟ್ಟಿನ ಜಾಗ ಮಾಡಿದ ನನಗೇ ಅದು ಸಿಗಲಿಲ್ಲ

ಸಂಜೆ ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದಾಗ ಫೋನ್ ಬಂತು. ಗೊತ್ತಿಲ್ಲದ ನಂಬರು. ಮಾತಾಡಿದ್ದು ಒಬ್ಬ ಹೆಣ್ಣುಮಗಳು.

"ಅಣ್ಣಾ, ಆರು ವರ್ಷದ ಹಿಂದೆ ನಮ್ಮ ಅಪ್ಪನಿಗೆ ನೀವು ಬರೆಯೋ ಮೇಜು ಮಾಡಿಕೊಟ್ಟಿದ್ರಂತೆ. ಅದರೊಳಗೆ ಯಾರಿಗೂ ಕಾಣದ ಜಾಗ ಒಂದಿದೆ ಅಂತ ಅಮ್ಮ ಹೇಳ್ತಾರೆ. ಅದು ಎಲ್ಲಿದೆ? ಹೇಗೆ ತೆಗೆಯೋದು?"

ಅವರ ತಂದೆಗೆ ಪಾರ್ಶ್ವವಾಯು ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದಿದ್ದರು, ಆದರೆ ಮಾತು ನಿಂತಿತ್ತು. ವಿಮೆಯ ಕಾಗದ ಎಲ್ಲಿ ಅಂತ ಕೇಳಿದರೆ ಮೇಜಿನ ಕಡೆ ಕೈ ತೋರಿಸುತ್ತಿದ್ದರಂತೆ. ಮೂರೂ ಡ್ರಾಯರ್ ಖಾಲಿ ಮಾಡಿ ನೋಡಿದ್ದಾರೆ, ಸಿಕ್ಕಿಲ್ಲ.

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಮೇಜು ನೆನಪಾಯಿತು. ಅದರ ಮರದ ಬಣ್ಣ, ಅಂಚಿಗೆ ಕೊಟ್ಟ ದುಂಡು, ಎಲ್ಲ ಕಣ್ಣ ಮುಂದೆ ಬಂತು. ಒಳಗಿನ ಜಾಗ ಮಾತ್ರ ನೆನಪಾಗಲಿಲ್ಲ. ಇಂಥವು ಎಷ್ಟೋ ಮಾಡಿದ್ದೇನೆ. ಮಂಚದ ತಲೆಭಾಗದ ಹಿಂದೆ, ಬೀರುವಿನ ಬುಡದಲ್ಲಿ, ಕನ್ನಡಿಯ ಬೆನ್ನಿಗೆ. ಈ ಮೇಜಿನ ನಕ್ಷೆಯನ್ನು ನಾನು ಇಟ್ಟುಕೊಂಡಿರಲಿಲ್ಲ. ಗುಟ್ಟು ಗುಟ್ಟಾಗಿಯೇ ಇರಲಿ ಅಂತ ಬೇಕೆಂದೇ ಹರಿದು ಹಾಕಿದ್ದೆ. ಆಗ ಅದೇ ಸರಿ ಅನಿಸಿತ್ತು.

"ನಾಳೆ ಬೆಳಗ್ಗೆ ನಾನೇ ಬರ್ತೀನಮ್ಮಾ" ಅಂದೆ.

ಮರುದಿನ ಹೋಗಿ ಮಾಡಿದ ಮೊದಲ ಕೆಲಸ ಅಳತೆ. ಯಾವ ಪೀಠೋಪಕರಣದಲ್ಲಿ ಏನು ಅಡಗಿದ್ದರೂ ಟೇಪು ಹೇಳಿಬಿಡುತ್ತದೆ. ಹೊರಗಿನ ಅಳತೆಯಿಂದ ಒಳಗಿನ ಅಳತೆಯನ್ನೂ ಹಲಗೆಯ ದಪ್ಪವನ್ನೂ ಕಳೆದರೆ ಲೆಕ್ಕ ಸೊನ್ನೆಗೆ ಬರಬೇಕು. ಬರಲಿಲ್ಲ ಅಂದರೆ ಎಲ್ಲೋ ಜಾಗ ಮಿಕ್ಕಿದೆ ಅಂತ. ಮೇಜಿನ ಆಳ 600 ಮಿಲಿಮೀಟರ್. ಎಡಬಲದ ಡ್ರಾಯರ್‌ಗಳ ಉದ್ದ 500. ನಡುವಿನದು ಮಾತ್ರ 380. ಎಡಬಲದವಕ್ಕಿಂತ ಅದರ ಹಿಂದೆ 120 ಮಿಲಿ ಜಾಗ ಹೆಚ್ಚು ಇದ್ದೇ ಇರಬೇಕು.

ಡ್ರಾಯರ್ ಪೂರ್ತಿ ಎಳೆದು ತೆಗೆದು ಟಾರ್ಚ್ ಬಿಟ್ಟೆ. ಒಳಗೆ ಕಾಣುವುದು ಮೇಜಿನ ಬೆನ್ನು ಹಲಗೆ ಅಂತಲೇ ಯಾರಾದರೂ ಅಂದುಕೊಳ್ಳುತ್ತಾರೆ. ಹಾಗೇ ಕಾಣಲಿ ಅಂತ ನಾನೇ ಮಾಡಿದ್ದು. ಕೆಳಗಿನಿಂದ ಕೈ ಹಾಕಿ ತಡಕಿದಾಗ ಬೆರಳಿಗೆ ಚಿಕ್ಕದೊಂದು ತೂತು ಸಿಕ್ಕಿತು. ಅಲ್ಲಿಗೆ ಎಲ್ಲ ನೆನಪಾಯಿತು. ಆ ತೂತಿಗೆ ಕಡ್ಡಿ ಹಾಕಿ ಒತ್ತಿದರೆ ಒಳಗಿನ ತೆಳು ಮರದ ಪಟ್ಟಿ ಬಾಗುತ್ತದೆ, ಹಲಗೆ ಬಿಟ್ಟುಕೊಳ್ಳುತ್ತದೆ. ಒತ್ತಿದೆ. ಪಟ್ಟಿ ಬಾಗಿದ ಸದ್ದು ಕೇಳಿಸಿತು. ಹಲಗೆ ಕದಲಲಿಲ್ಲ.

ತಪ್ಪು ನನ್ನದೇ. ಆ ಹಲಗೆಯನ್ನು ಪ್ಲೈವುಡ್‌ನಲ್ಲಿ ಮಾಡದೆ ಅಚ್ಚ ಮರದಲ್ಲಿ ಮಾಡಿದ್ದೆ. ಮರ ನಾರಿನ ಉದ್ದಕ್ಕೆ ಹೆಚ್ಚುಕಮ್ಮಿ ಬದಲಾಗುವುದೇ ಇಲ್ಲ. ಅಗಲಕ್ಕೆ ಮಾತ್ರ ಗಾಳಿಯ ತೇವ ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. 300 ಮಿಲಿ ಅಗಲದ ಹಲಗೆ ಒಣ ದಿನಗಳಿಗೂ ತೇವದ ದಿನಗಳಿಗೂ ನಡುವೆ 2-3 ಮಿಲಿ ವ್ಯತ್ಯಾಸ ತೋರಿಸಬಹುದು. ನಾನು ಬಿಟ್ಟಿದ್ದ ಸಂದು ಒಂದು ಮಿಲಿಯೂ ಇರಲಿಲ್ಲ. ಗೆರೆ ಕಾಣಬಾರದು, ಕೂದಲೂ ತೂರಬಾರದು ಅನ್ನುವ ಹಟ. ಮಾಡಿದ್ದು ಒಣ ದಿನಗಳಲ್ಲಿ. ತೇವ ಬಂದಾಗ ಹಲಗೆ ಹಿಗ್ಗಿ ಚೌಕಟ್ಟಿಗೆ ಕಚ್ಚಿಕೊಂಡು ಕೂತಿತ್ತು. ಬೇರೆ ದಾರಿಯೂ ಇಟ್ಟಿರಲಿಲ್ಲ. ಬೆನ್ನಿನ ಪ್ಲೈ ಅಂಟು ಹಾಕಿ ಕೂರಿಸಿದ್ದು. ಕೊನೆಗೆ ಅದನ್ನೇ ಕೊಯ್ಯಬೇಕಾಯಿತು. ನನ್ನ ಕೈಯಾರೆ ಮಾಡಿದ ಮೇಜಿನ ಬೆನ್ನನ್ನು ನನ್ನ ಕೈಯಾರೆ ಕೊಯ್ದೆ.

ಕಾಗದಗಳು ಹಾಗೇ ಇದ್ದವು. ಆ ಹುಡುಗಿ ಅವನ್ನು ಎದೆಗೆ ಒತ್ತಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಕೇಳಿದರು: "ಅಪ್ಪ ಇದು ಎಲ್ಲಿದೆ ಅಂತ ನಿಮಗೊಬ್ಬರಿಗೇ ಹೇಳಿದ್ರಾ?"

ಹೌದು, ನನಗೊಬ್ಬನಿಗೇ. ಅದಕ್ಕೆ ನಾನು ಆಗ ಹೆಮ್ಮೆಪಟ್ಟಿದ್ದೆ. ಕೆಲಸ ಶುರು ಮಾಡುವ ಮೊದಲು "ನಿಮಗೆ ಏನಾದರೂ ಆದರೆ ಇದನ್ನು ತೆಗೆಯೋದು ಯಾರು, ಸರ್?" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಆ ದಿನದಿಂದ ನಾನು ಕೆಲಸ ಮಾಡುವ ರೀತಿ ಬದಲಾಯಿತು. ಈಗ ಯಾರೇ ಬಂದು ಗುಟ್ಟಿನ ಜಾಗ ಬೇಕು ಅಂದರೂ ನಾನು ಮೊದಲು ಕೇಳುವುದು "ಯಾರ ಕಣ್ಣಿಂದ ಮರೆ ಮಾಡಬೇಕು?" ಅಂತ. ಹೆಚ್ಚಿನವರು ಕಳ್ಳರಿಂದ ಅಂತ ಶುರು ಮಾಡುತ್ತಾರೆ. ಮಾತಾಡುತ್ತಾ ಹೋದಂತೆ ಅವರಿಗೆ ಬೇಕಿರುವುದು ಬೇರೆ ಅಂತ ತಿಳಿಯುತ್ತದೆ. ಹೊದಿಕೆ, ಹೆಚ್ಚಿನ ದಿಂಬು, ವೈರು, ಮಕ್ಕಳ ಆಟದ ಸಾಮಾನು, ಇವೆಲ್ಲ ಕಣ್ಣಿಗೆ ಬೀಳಬಾರದು, ಅಷ್ಟೇ. ಅದು ಅಚ್ಚುಕಟ್ಟಿನ ಪ್ರಶ್ನೆ. ಅದಕ್ಕೆ ಗುಟ್ಟಿನ ಚಿಲಕ ಬೇಡವೇ ಬೇಡ. ಮುಚ್ಚಳ ಇರುವ ಗುಂಡು ಸ್ಟೂಲು, ಕೆಳಗೆ ಪೆಟ್ಟಿಗೆ ಇರುವ ಬೆಂಚು, ಮೇಲಕ್ಕೆ ಏಳುವ ಮಂಚ ಸಾಕು. ಎಲ್ಲರಿಗೂ ಗೊತ್ತಿರಲಿ, ಎಲ್ಲರೂ ತೆಗೆಯಲಿ.

ನಿಜವಾಗಿ ಬೆಲೆಬಾಳುವುದನ್ನು ಕಾಪಾಡಬೇಕು ಅನ್ನುವವರಿಗೆ ನಾನು ನೇರವಾಗಿ ಹೇಳುತ್ತೇನೆ: ಮರದ ಡ್ರಾಯರ್ ತಿಜೋರಿ ಅಲ್ಲ. ನನ್ನ ಟೇಪಿಗೆ ಸಿಕ್ಕ ಆ 120 ಮಿಲಿ ಬೇರೆಯವರ ಟೇಪಿಗೂ ಸಿಗುತ್ತದೆ. ಬೆಂಕಿ ಬಿದ್ದರೆ ಮೇಜಿನ ಜೊತೆ ಅದೂ ಹೋಗುತ್ತದೆ. ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿದ ಉಕ್ಕಿನ ತಿಜೋರಿ ಇಡಿ, ಅದರ ಮುಂದೆ ಚೆಂದದ ಬಾಗಿಲು ನಾನು ಮಾಡಿಕೊಡುತ್ತೇನೆ ಅನ್ನುತ್ತೇನೆ. ಇದರಿಂದ ಕೆಲವು ಕೆಲಸ ಕೈ ತಪ್ಪಿದೆ. ಪರವಾಗಿಲ್ಲ.

ಕೆಲವರು ಫೋನಿನಲ್ಲಿ ವಿಡಿಯೊ ತೋರಿಸುತ್ತಾರೆ. ಜರ್ಮನಿಯ ಡೇವಿಡ್ ರೋಂಟ್‌ಗೆನ್ 1779ರ ಸುಮಾರಿಗೆ ಮಾಡಿದ ದೊಡ್ಡ ಬೀರು ಅದು, ಈಗ ಬರ್ಲಿನ್‌ನ ಮ್ಯೂಸಿಯಂನಲ್ಲಿದೆ. ಕೀಲಿ ತಿರುಗಿಸಿದರೆ ಬಾಗಿಲುಗಳು ತಾವೇ ತೆರೆಯುತ್ತವೆ, ಒಳಗಿಂದ ಡ್ರಾಯರ್‌ಗಳು ಹೊರಬರುತ್ತವೆ. ಎಷ್ಟು ಸಲ ನೋಡಿದರೂ ನನಗೆ ಬೇಸರ ಬರುವುದಿಲ್ಲ. ಅಷ್ಟು ಕೈಚಳಕ ನನಗೆ ಒಂದು ಜನ್ಮಕ್ಕೆ ಸಾಲದು. ಆದರೆ ಅದು ಮುಂದೆ ಪ್ರಷ್ಯದ ರಾಜನಾದವನ ಬೀರು. ಸ್ಪ್ರಿಂಗು ಹಿಡಿದುಕೊಂಡರೆ ಬಿಡಿಸಲು ಜನ ಇದ್ದರು. ನಾವು ಮಾಡಿಕೊಡುವ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಹೊದಿಕೆ ಬೇಕಾದ ಅಜ್ಜಿ ಇರುತ್ತಾರೆ.

ಅಜ್ಜಿ ಅಂದಾಗ ಮಂಚದ ವಿಷಯ ಹೇಳಲೇಬೇಕು. ಮನೆಯಲ್ಲಿ ಅತಿ ಜಾಸ್ತಿ ಸಾಮಾನು ಹಿಡಿಸುವುದು ಮಂಚದ ಕೆಳಗೆ. ಅತಿ ಜಾಸ್ತಿ ತಪ್ಪಾಗುವುದೂ ಅಲ್ಲೇ. ಲೆಕ್ಕ ನೋಡಿ. ಇಬ್ಬರು ಮಲಗುವ ಮಂಚದ ಮೇಲಿನ 18 ಮಿಲಿ ಪ್ಲೈ ಒಂದೇ ಸುಮಾರು 30 ಕಿಲೋ ತೂಗುತ್ತದೆ. ಮೇಲೆ ಹಾಸಿಗೆ ಇನ್ನೊಂದು 30-35 ಕಿಲೋ. ಒಂದು ತುದಿಗೆ ಹಿಂಜ್ ಇದ್ದು ಇನ್ನೊಂದು ತುದಿಯಲ್ಲಿ ಎತ್ತಿದರೆ ಅರ್ಧ ಭಾರ ಕೈಗೆ ಬರುತ್ತದೆ. ಅಂದರೆ 30 ಕಿಲೋ ದಾಟಿತು. ಸೊಂಟ ಬಗ್ಗಿಸಿ ಅದನ್ನು ಎತ್ತುವುದು ಎಷ್ಟು ಜನರಿಗೆ ಆಗುತ್ತದೆ?

ಅದಕ್ಕೇ ಗ್ಯಾಸ್ ತುಂಬಿದ ಲಿಫ್ಟ್ ಹಾಕುವುದು. ಇದನ್ನು ಹೈಡ್ರಾಲಿಕ್ ಅಂತ ಕರೆಯುವುದು ವಾಡಿಕೆ, ಎತ್ತುವುದು ಮಾತ್ರ ಒಳಗೆ ಒತ್ತಿ ತುಂಬಿದ ಗ್ಯಾಸು. ಸಿಲಿಂಡರಿನ ಮೇಲೆ ಅದರ ಬಲವನ್ನು ನ್ಯೂಟನ್ ಲೆಕ್ಕದಲ್ಲಿ ಬರೆದಿರುತ್ತಾರೆ. 1000 ನ್ಯೂಟನ್ ಅಂದರೆ ಸುಮಾರು 100 ಕಿಲೋ ಭಾರದಷ್ಟು. ಅಷ್ಟೊಂದು ಯಾಕೆ ಅಂತ ಅನಿಸಬಹುದು. ಅದು ಹಿಂಜಿನ ಹತ್ತಿರವೇ ಕೂರುತ್ತದೆ, ಹಾಗಾಗಿ ಅದರ ಬಲದ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಬಾಗಿಲನ್ನು ಹಿಂಜಿನ ಪಕ್ಕ ಒತ್ತಿ ನೋಡಿ, ಕೈಗೆ ಗೊತ್ತಾಗುತ್ತದೆ.

ಒಮ್ಮೆ ಒಬ್ಬ ಅಮ್ಮನಿಗೆ ಇಂಥ ಮಂಚ ಮಾಡಿಕೊಟ್ಟೆ. ಹಾಸಿಗೆಯ ತೂಕ ಕೇಳಿ ಅದಕ್ಕೆ ಸರಿಯಾದ ಲಿಫ್ಟ್ ಹಾಕಿದೆ. ಒಂದು ಕೈಯಲ್ಲಿ ಏಳುತ್ತಿತ್ತು. ಎರಡು ವರ್ಷ ಕಳೆದು ಬೇರೆ ಕೆಲಸಕ್ಕೆ ಅದೇ ಮನೆಗೆ ಹೋದಾಗ ಮಂಚದ ಪಕ್ಕ ನಾಲ್ಕು ಪೆಟ್ಟಿಗೆ ಒಂದರ ಮೇಲೊಂದು ಕೂತಿದ್ದವು. ಮಗ ಹೊಸ ಹಾಸಿಗೆ ತಂದಿದ್ದ, ಮೊದಲಿನದಕ್ಕಿಂತ ತುಂಬಾ ಭಾರ. "ಎತ್ತೋಕೆ ಆಗಲ್ಲ ಕಣಪ್ಪಾ. ಅವನು ಊರಿಂದ ಬಂದಾಗ ಮಾತ್ರ ತೆಗೆಸ್ತೀನಿ" ಅಂದರು. ಮಂಚ ಕೆಟ್ಟಿರಲಿಲ್ಲ, ಲಿಫ್ಟ್ ಕೆಟ್ಟಿರಲಿಲ್ಲ. ಹಾಸಿಗೆ ಬದಲಾದರೆ ಲಿಫ್ಟೂ ಬದಲಾಗಬೇಕು ಅಂತ ನಾನು ಹೇಳಿರಲಿಲ್ಲ, ಅಷ್ಟೇ. ಅಷ್ಟು ದಿನ ಅವರು ತಮ್ಮ ಮನೆಯ ಸಾಮಾನಿಗೇ ಮಗನನ್ನು ಕಾದರು. ಇದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಈಗ ಮಂಚ ಕೂರಿಸಿದ ದಿನ ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸುತ್ತೇನೆ. ಲಿಫ್ಟಿನ ಬಲ ಎಷ್ಟು, ಎಷ್ಟು ತೂಕದ ಹಾಸಿಗೆಗೆ ಲೆಕ್ಕ ಹಾಕಿದ್ದು, ಹಾಕಿದ ವರ್ಷ. ಗ್ಯಾಸು ವರ್ಷ ಕಳೆದಂತೆ ಸ್ವಲ್ಪ ಸ್ವಲ್ಪ ಸೋರುತ್ತದೆ, ಆಗ ಎರಡೂ ಬದಿಯ ಲಿಫ್ಟ್‌ಗಳನ್ನು ಒಟ್ಟಿಗೇ ಬದಲಿಸಿ ಅಂತಲೂ ಬರೆಯುತ್ತೇನೆ. ಒಂದು ಹೊಸದು ಒಂದು ಹಳೆಯದು ಆದರೆ ಮುಚ್ಚಳ ಓರೆಯಾಗಿ ಏಳುತ್ತದೆ. ಇನ್ನೊಂದು ಮಾತು: ಹಾಸಿಗೆ ಇಲ್ಲದೆ ಮುಚ್ಚಲು ಹೋಗಬೇಡಿ. ಭಾರವಿಲ್ಲದ ಮುಚ್ಚಳವನ್ನು ಲಿಫ್ಟ್ ಮೇಲಕ್ಕೆ ತಳ್ಳುತ್ತಲೇ ಇರುತ್ತದೆ.

ಎತ್ತಲು ಕಷ್ಟ ಇರುವವರಿಗೆ ನಾನು ಡ್ರಾಯರ್ ಇರುವ ಮಂಚವನ್ನೇ ಹೇಳುತ್ತೇನೆ. ಜಾಗ ಕಮ್ಮಿ ಸಿಗುತ್ತದೆ, ನಿಜ. ಡ್ರಾಯರ್ ಜಾರುವ ಸಾಮಾನ್ಯ ಚಾನೆಲ್ ಒಂದೊಂದು ಬದಿಗೂ ಸುಮಾರು 13 ಮಿಲಿ ತಿನ್ನುತ್ತದೆ, ಎಳೆಯಲು ಮಂಚದ ಮುಂದೆ ಡ್ರಾಯರ್‌ನ ಉದ್ದದಷ್ಟು ಖಾಲಿ ನೆಲವೂ ಬೇಕು. ಆದರೂ ತೆಗೆಯಲು ಬರುವ ಸಣ್ಣ ಜಾಗ ತೆಗೆಯಲು ಬಾರದ ದೊಡ್ಡ ಜಾಗಕ್ಕಿಂತ ಮೇಲು ಅಲ್ವಾ?

ಅಡುಗೆಮನೆ ಕಪಾಟಿನ ಬುಡದ ಪಟ್ಟಿಯ ಹಿಂದೆಯೂ ಸುಮಾರು 100 ಮಿಲಿ ಎತ್ತರ ಸುಮ್ನೆ ಹೋಗುತ್ತಿರುತ್ತದೆ. ಅಲ್ಲಿ ಚಪ್ಪಟೆ ಡ್ರಾಯರ್ ಚೆನ್ನಾಗಿ ಕೂರುತ್ತದೆ. ಒತ್ತಿದರೆ ತೆರೆಯುವ ಚಿಲಕ ಹಾಕಿದರೆ ಹಿಡಿಯೂ ಬೇಡ. ಮೊದಲು ಮಾಡಿದಾಗ ನೆಲ ಒರೆಸುವ ಕೋಲು ತಾಗಿ ಪ್ರತಿ ದಿನ ತೆರೆದುಕೊಳ್ಳುತ್ತಿತ್ತು, ನೀರು ಕುಡಿದು ಪ್ಲೈನ ಅಂಚು ಉಬ್ಬಿತು. ಈಗ ನೆಲದಿಂದ 15 ಮಿಲಿ ಎತ್ತರಿಸಿ, ಕೆಳಗಿನ ಅಂಚನ್ನು ಪೂರ್ತಿ ಮುಚ್ಚಿ ಕೂರಿಸುತ್ತೇನೆ.

ತೇವದ ಬಗ್ಗೆ ಹೇಳುವುದಾದರೆ, ಮುಚ್ಚಿಟ್ಟ ಜಾಗಕ್ಕೆ ಗಾಳಿ ಬೇಕೇ ಬೇಕು. ಹೊರಗೋಡೆಗೆ ಅಂಟಿಸಿ ಮಾಡಿದ ಕಿಟಕಿ ಬೆಂಚಿನೊಳಗೆ ಬೂಷ್ಟು ಹಿಡಿದದ್ದನ್ನು ನೋಡಿದ ಮೇಲೆ ಗೋಡೆಗೂ ಬೆನ್ನು ಹಲಗೆಗೂ ನಡುವೆ ಎರಡು ಬೆರಳು ಅಂತರ ಬಿಡುತ್ತೇನೆ. ಹಲಗೆಯ ಮೇಲೊಂದು ಕೆಳಗೊಂದು ಸಾಲು 25 ಮಿಲಿ ತೂತು ಕೊರೆಯುತ್ತೇನೆ.

ಆ ತೂತುಗಳಿಗೆ ಇನ್ನೊಂದು ಕಾರಣವೂ ಇದೆ. ಮಕ್ಕಳು. ಅವಿತುಕೊಳ್ಳುವ ಆಟದಲ್ಲಿ ಮಗುವಿಗೆ ಮೊದಲು ಕಾಣುವುದೇ ಇಂಥ ಪೆಟ್ಟಿಗೆ. 1996ರಲ್ಲಿ ಅಮೆರಿಕದಲ್ಲಿ ಸುಮಾರು 1.2 ಕೋಟಿ ಮರದ ಪೆಟ್ಟಿಗೆಗಳ ಬೀಗ ಬದಲಿಸಿಕೊಳ್ಳಿ ಅಂತ ಜನರಿಗೆ ಕರೆ ಕೊಡಬೇಕಾಯಿತು. 1912ರಿಂದ 1987ರವರೆಗೆ ಮಾಡಿದ ಪೆಟ್ಟಿಗೆಗಳವು. ಮುಚ್ಚಳ ಬಿದ್ದರೆ ಬೀಗ ತಾನೇ ಕೂತುಬಿಡುತ್ತಿತ್ತು, ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ. ಒಳಗೆ ಹೋದ ಮಕ್ಕಳು ಉಸಿರುಗಟ್ಟಿ ಸತ್ತಿದ್ದರು. ಇದನ್ನು ಓದಿದ ರಾತ್ರಿ ನಾನು ಮಾಡಿಕೊಟ್ಟ ಪೆಟ್ಟಿಗೆಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡೆ. ಮಗು ಹಿಡಿಸುವಷ್ಟು ದೊಡ್ಡದಾದ ಯಾವ ಪೆಟ್ಟಿಗೆಗೂ ತಾನಾಗಿ ಬೀಳುವ ಚಿಲಕವನ್ನು ನಾನು ಹಾಕುವುದಿಲ್ಲ. ಎಷ್ಟೇ ಕೇಳಿದರೂ ಇಲ್ಲ. ಮುಚ್ಚಳ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ಕೀಲು ಹಾಕುತ್ತೇನೆ. ಮುಚ್ಚಿದಾಗಲೂ ಅಂಚಿನಲ್ಲಿ ಗಾಳಿ ಆಡುವಷ್ಟು ಸಂದು ಬಿಡುತ್ತೇನೆ.

ನಕ್ಷೆ ಹರಿಯುವುದನ್ನೂ ಬಿಟ್ಟಿದ್ದೇನೆ. ಪ್ರತಿ ಗುಟ್ಟಿನ ಜಾಗಕ್ಕೂ ಎರಡು ಹಾಳೆ. ಒಂದು ಮನೆಯವರಿಗೆ, ಒಂದು ಅವರ ಒಪ್ಪಿಗೆ ಪಡೆದು ನನ್ನ ಹತ್ತಿರ, ಹೆಸರಿಲ್ಲದೆ ಬರೀ ನಂಬರಿನ ಮೇಲೆ. ಅದೇ ನಂಬರನ್ನೂ ನನ್ನ ಫೋನ್ ನಂಬರನ್ನೂ ಪೀಠೋಪಕರಣದ ಅಡಿಯಲ್ಲಿ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಒಪ್ಪಿಸುವ ದಿನ ಮನೆಯ ಇಬ್ಬರಾದರೂ ನನ್ನ ಮುಂದೆ ತೆಗೆದು ತೋರಿಸಬೇಕು. ಚಿಲಕ ಕೈಕೊಟ್ಟರೆ ಬೇರೆ ದಾರಿ ಇರಬೇಕು, ಸಾಮಾನ್ಯವಾಗಿ ಬೆನ್ನಿಗೆ ನಾಲ್ಕು ಸ್ಕ್ರೂ. ಅಂಟು ಹಾಕುವುದಿಲ್ಲ.

ಆ ಮೇಜನ್ನು ಅಂಗಡಿಗೆ ತಂದು ಸರಿ ಮಾಡಿದೆ. ಒಳ ಹಲಗೆಯನ್ನು ಹಿಗ್ಗುವುದು ತೀರಾ ಕಮ್ಮಿ ಇರುವ ಪ್ಲೈನಲ್ಲಿ ಹೊಸದಾಗಿ ಮಾಡಿದೆ, ಸುತ್ತ ಒಂದೂವರೆ ಮಿಲಿ ಸಂದು ಬಿಟ್ಟೆ. ಕಡ್ಡಿ ತೂರಿಸುವ ತೂತಿನ ಬದಲು ಮ್ಯಾಗ್ನೆಟ್ ಹಾಕಿದೆ, ಬೆರಳು ಸಿಕ್ಕಿಸಿ ಎಳೆಯಲು ಅಂಚಿನಲ್ಲಿ ಸಣ್ಣ ಕುಳಿ ಕೊಟ್ಟೆ. ಬೆನ್ನಿಗೆ ಸ್ಕ್ರೂ. ಮನೆಗೆ ತಲುಪಿಸಿದ ದಿನ ಮಗಳು ತೆಗೆದು ನೋಡಿದರು. ಆಮೇಲೆ ತಾಯಿಯನ್ನು ಕರೆದರು. ಪಕ್ಕದ ಗಾಲಿಕುರ್ಚಿಯಲ್ಲಿ ತಂದೆ ಕೂತು ನೋಡುತ್ತಿದ್ದರು.

ಅಮ್ಮ ಮೊದಲ ಸಲ ತಡಕಾಡಿದರು. ಎರಡನೇ ಸಲ ಸಿಕ್ಕಿತು. ಮೂರನೇ ಸಲ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬೆರಳಿನಲ್ಲೇ ಹುಡುಕಿ ತೆಗೆದರು.