ನರ್ಸೇನಾ? ಹೌದು, ನರ್ಸೇ

"ಇಷ್ಟೆಲ್ಲ ಓದಿದ್ದೀಯ, ಡಾಕ್ಟರೇ ಆಗಬಹುದಿತ್ತಲ್ವಾ?"

ಇದನ್ನು ಕೇಳದವರಿಲ್ಲ. ವಿಡಿಯೋ ಕಾಲ್‌ನಲ್ಲಿ ಚಿಕ್ಕಮ್ಮ ಕೇಳಿದ್ದಾರೆ. ವಿಮಾನದಲ್ಲಿ ಪಕ್ಕದ ಸೀಟಿನವರು ಕೇಳಿದ್ದಾರೆ. ಗಣೇಶನ ಹಬ್ಬದ ಊಟದಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ, ಚಿತ್ರಾನ್ನಕ್ಕೂ ಕೋಸಂಬರಿಗೂ ಮಧ್ಯೆ, ಹೆಸರೂ ಗೊತ್ತಿಲ್ಲದ ಒಬ್ಬರು ಕೇಳಿದ್ದಾರೆ. ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಈ ಲಿಂಕ್ ಕಳಿಸುತ್ತೇನೆ.

ನಾನು ಟೆಕ್ಸಾಸ್‌ನ ಎಲ್ ಪಾಸೊದಲ್ಲಿ ನರ್ಸ್ ಪ್ರಾಕ್ಟೀಷನರ್. ಸಣ್ಣ ಕ್ಲಿನಿಕ್. ದಿನಕ್ಕೆ ಹದಿನೆಂಟು ಇಪ್ಪತ್ತು ಜನ ಬರುತ್ತಾರೆ. ಬಿಪಿ, ಶುಗರ್, ಮಂಡಿನೋವು, ಕೆಮ್ಮು, ನಿದ್ದೆ ಬರಲ್ಲ ಅನ್ನುವವರು. ಪರೀಕ್ಷೆ ಮಾಡುತ್ತೇನೆ, ರಕ್ತ ಪರೀಕ್ಷೆಗೆ ಬರೆಯುತ್ತೇನೆ, ಔಷಧಿ ಬರೆಯುತ್ತೇನೆ. ನನ್ನಿಂದ ಆಗದ್ದನ್ನು ಆಗುವವರ ಹತ್ತಿರ ಕಳಿಸುತ್ತೇನೆ. ಬರುವವರಲ್ಲಿ ಹೆಚ್ಚಿನವರು ಸ್ಪ್ಯಾನಿಷ್ ಮಾತಾಡುವವರು. ನನ್ನನ್ನು "ದೊಕ್ತೋರಾ" ಅನ್ನುತ್ತಾರೆ. ಅಲ್ಲ, ನಾನು ನರ್ಸ್ ಅಂತ ತಿದ್ದುತ್ತೇನೆ. "ಸರಿ ದೊಕ್ತೋರಾ" ಅನ್ನುತ್ತಾರೆ.

ಪ್ರಶ್ನೆಗೆ ಬರೋಣ. ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದರಲ್ಲಿರುವ "ಏ"ಗೆ. "ಡಾಕ್ಟರೇ ಆಗಬಹುದಿತ್ತು." "ಅಮೆರಿಕದಲ್ಲೂ ನರ್ಸೇನಾ?" ಒಂದೇ ಅಕ್ಷರ ನೋಡಿ. ಡಾಕ್ಟರ್‌ಗೆ ಅಂಟಿದರೆ ಕಿರೀಟ, ನರ್ಸ್‌ಗೆ ಅಂಟಿದರೆ ಅಯ್ಯೋ ಪಾಪ. ಇಂಜಿನಿಯರನ್ನು ಯಾರಾದರೂ "ಇಂಜಿನಿಯರೇನಾ? ಬಿಲ್ಡರೇ ಆಗಬಹುದಿತ್ತಲ್ಲ" ಅಂತ ಕೇಳಿದ್ದು ನಾನಂತೂ ಕೇಳಿಲ್ಲ.

ಈ "ಏ" ಸರಿಯಾಗಿ ಚುಚ್ಚಿದ್ದು ಹಾಸನದಲ್ಲಿ, ಸಂಬಂಧಿಕರ ಮದುವೆ ಛತ್ರದಲ್ಲಿ. ಎರಡನೇ ಪಂಕ್ತಿ. ಎದುರಿಗೆ ಕೂತಿದ್ದವರು ದೂರದ ಸಂಬಂಧದ ಮಾಮ. ಎಲೆಗೆ ನೀರು ಚಿಮುಕಿಸುತ್ತಾ, ಇಡೀ ಸಾಲಿಗೆ ಕೇಳುವ ಹಾಗೆ, "ಏನಮ್ಮಾ, ಅಮೆರಿಕಕ್ಕೆ ಹೋಗಿಯೂ ನರ್ಸೇನಾ?" ಅಂದರು. ನಾನು ನರ್ಸ್ ಪ್ರಾಕ್ಟೀಷನರ್ ಅಂದೆ. ಔಷಧಿ ಬರೆಯುತ್ತೇನೆ ಅಂದೆ. ಮಾಮ ಸ್ವಲ್ಪ ಯೋಚನೆ ಮಾಡಿ, "ಅಂದ್ರೆ ಅರ್ಧ ಡಾಕ್ಟರು" ಅಂತ ತೀರ್ಪು ಕೊಟ್ಟರು. ಸಾಲಿನಲ್ಲಿ ನಾಲ್ಕು ಜನ ನಕ್ಕರು. ಬಡಿಸುವವನೂ ನಕ್ಕ. ನನ್ನ ಎಲೆಗೆ ಪಲ್ಯ ಬೀಳಲೇ ಇಲ್ಲ.

ಊಟ ಆಯಿತು. ಕೈ ತೊಳೆಯುವ ನಲ್ಲಿ ಹತ್ತಿರ ಮಾಮ ಮತ್ತೆ ಸಿಕ್ಕರು. ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದರು. ಲ್ಯಾಬ್ ರಿಪೋರ್ಟ್. "ಇದನ್ನ ಅಲ್ಲಿ ನಿಮ್ಮ ಡಾಕ್ಟರಿಗೆ ತೋರಿಸಿ ಕೇಳಮ್ಮ" ಅಂದರು.

ನೋಡಿದೆ. ಕ್ರಿಯಾಟಿನಿನ್ 1.9. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ಹೇಳುವ ಅಂಕಿ ಅದು, ಇಷ್ಟು ಇರಬಾರದು. ಯಾವ ಮಾತ್ರೆ ತಗೋತೀರಿ ಮಾಮ? ಬಿಪಿಗೆ ಒಂದು. ಮತ್ತೆ? ಮತ್ತೇನಿಲ್ಲ. ಮಂಡಿನೋವಿಗೆ? "ಓ, ಅದಾ! ಅದು ಮಾತ್ರೆಯಲ್ಲಮ್ಮ, ಸುಮ್ನೆ ನೋವಿಗೆ." ಮೆಡಿಕಲ್ ಶಾಪಿನವನೇ ಕೊಡುತ್ತಾನೆ. ದಿನಕ್ಕೆ ಎರಡು. ಎಂಟು ತಿಂಗಳಿಂದ. ಡೈಕ್ಲೊಫೆನಾಕ್.

ಅದು ಕಿಡ್ನಿಗೆ ಒಳ್ಳೆಯದಲ್ಲ, ಬಿಪಿಯನ್ನೂ ಏರಿಸುತ್ತದೆ, ಇವತ್ತೇ ನಿಲ್ಲಿಸಿ, ಈ ವಾರವೇ ಇಲ್ಲಿ ಕಿಡ್ನಿ ಡಾಕ್ಟರಿಗೆ ತೋರಿಸಿ ಅಂದೆ. ಮಾಮ ತುಂಬಾ ಸಮಾಧಾನದಿಂದ ತಲೆ ಆಡಿಸಿದರು. "ಆಯ್ತಮ್ಮ. ಒಂದ್ಸಲ ಡಾಕ್ಟರ್ ಹತ್ರ ಕೇಳಿ ಹೇಳು."

ಆಮೇಲೆ ನಾನು ಮಾಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ. ಮರುದಿನ ಬೆಳಗ್ಗೆ ವಾಟ್ಸಾಪ್‌ನಲ್ಲಿ ಬರೆದೆ: "ಡಾಕ್ಟರನ್ನು ಕೇಳಿದೆ ಮಾಮ. ನೋವಿನ ಮಾತ್ರೆ ಪೂರ್ತಿ ನಿಲ್ಲಿಸಬೇಕಂತೆ." ಎರಡೇ ನಿಮಿಷದಲ್ಲಿ ಉತ್ತರ: "ನಿಲ್ಲಿಸಿದೆ." ಯಾವ ಡಾಕ್ಟರನ್ನೂ ಕೇಳಿರಲಿಲ್ಲ. ಮಾತು ನನ್ನದೇ, ಅದಕ್ಕೊಂದು "ಅಂತೆ" ಸೇರಿಸಿದ್ದೆ ಅಷ್ಟೆ. ಕಿಡ್ನಿ ಉಳಿಯಲಿ, ಮರ್ಯಾದೆ ಆಮೇಲೆ ನೋಡಿಕೊಳ್ಳೋಣ ಅಂತ ಆಗ ಅನ್ನಿಸಿತ್ತು.

ಸರಿ, ಡಾಕ್ಟರ್ ಯಾಕೆ ಆಗಲಿಲ್ಲ? ನಿಜ ಹೇಳಲಾ? 2004ರಲ್ಲಿ ಸಿಇಟಿ ಬರೆದೆ, ರ‍್ಯಾಂಕ್ ಬರಲಿಲ್ಲ. ಬಿ.ಎಸ್ಸಿ ನರ್ಸಿಂಗ್ ಸೇರಿದೆ. ಬೆಂಗಳೂರಿನಲ್ಲಿ ಐಸಿಯು ಕೆಲಸ, ಅಮೆರಿಕದಲ್ಲಿ ನರ್ಸ್ ಆಗಲು ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ, ವರ್ಷಗಟ್ಟಲೆ ವೀಸಾ ಕಾಯುವುದು, ಇಲ್ಲಿ ಬಂದು ವಾರ್ಡ್ ನರ್ಸ್, ಆಮೇಲೆ ರಾತ್ರಿ ಪಾಳಿ ಮಾಡಿಕೊಂಡು ಮಾಸ್ಟರ್ಸ್. ಅಂದರೆ ಹದಿನೆಂಟನೇ ವಯಸ್ಸಿನಲ್ಲಿ ನರ್ಸಿಂಗ್ ನನ್ನ ಆಯ್ಕೆಯಾಗಿರಲಿಲ್ಲ, ಸಿಕ್ಕಿದ್ದು. ಇಷ್ಟು ಹೇಳಿದರೆ ಕೇಳಿದವರಿಗೆ ಖುಷಿ. ಅವರಿಗೆ ಬೇಕಾಗಿದ್ದೂ ಇಷ್ಟೇ. ಆದರೆ ಮೂವತ್ತು ದಾಟಿ ಮತ್ತೆ ಓದಲು ಕೂತಾಗ ನರ್ಸಿಂಗನ್ನೇ ಆರಿಸಿದೆ. (ನೋಡಿ, ನಾನೂ ಒಂದು "ಏ" ಹಾಕಿದೆ.) ಅದನ್ನು ಯಾರೂ ಕೇಳುವುದಿಲ್ಲ.

ನರ್ಸ್ ಪ್ರಾಕ್ಟೀಷನರ್ ಅನ್ನುವ ಈ ಕೆಲಸವನ್ನು ಅಮೆರಿಕದಲ್ಲಿ ಶುರು ಮಾಡಿದ್ದು 1965ರಲ್ಲಿ, ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ. ಲೊರೆಟ್ಟಾ ಫೋರ್ಡ್ ಅನ್ನುವ ನರ್ಸ್, ಹೆನ್ರಿ ಸಿಲ್ವರ್ ಅನ್ನುವ ಮಕ್ಕಳ ಡಾಕ್ಟರ್, ಇಬ್ಬರೂ ಸೇರಿ. ಹಳ್ಳಿ ಕಡೆ ಮಕ್ಕಳನ್ನು ನೋಡಲು ಡಾಕ್ಟರುಗಳು ಸಾಲುತ್ತಿರಲಿಲ್ಲ. ಫೋರ್ಡ್ 2025ರ ಜನವರಿಯಲ್ಲಿ, 104ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ದಿನ ನಮ್ಮ ಕ್ಲಿನಿಕ್ಕಿನಲ್ಲಿ ನನ್ನನ್ನೂ ಇನ್ನೊಬ್ಬರನ್ನೂ ಬಿಟ್ಟು ಯಾರಿಗೂ ಅವರು ಯಾರಂತ ಗೊತ್ತಿರಲಿಲ್ಲ.

ಡಾಕ್ಟರ್ ಓದಿಗೂ ನಮ್ಮ ಓದಿಗೂ ಫರಕು ಇದೆ. ಇಲ್ಲ ಅನ್ನುವವರ ಜೊತೆ ನಾನಿಲ್ಲ. ನಮ್ಮ ಕೋರ್ಸಿಗೆ ಈಗ ಕನಿಷ್ಠ 750 ಗಂಟೆ ರೋಗಿಗಳ ಜೊತೆ ತರಬೇತಿ ಆಗಬೇಕು. ಡಾಕ್ಟರುಗಳು ಮೆಡಿಕಲ್ ಕಾಲೇಜು, ಆಮೇಲೆ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಅನ್ನುವ ತರಬೇತಿ ಮುಗಿಸುವ ಹೊತ್ತಿಗೆ ಹತ್ತು ಸಾವಿರ ಗಂಟೆ ದಾಟಿರುತ್ತಾರೆ. ಅದಕ್ಕೆ ಮುಂಚೆ ನಾನು ನರ್ಸಾಗಿ ಕಳೆದ ವರ್ಷಗಳನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಅನ್ನುವುದೇ ಜಗಳ. 2000ನೇ ಇಸವಿಯಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ನ್ಯೂಯಾರ್ಕಿನಲ್ಲಿ 1,316 ರೋಗಿಗಳನ್ನು ಲಾಟರಿ ಎತ್ತಿದ ಹಾಗೆ ಡಾಕ್ಟರುಗಳಿಗೂ ನರ್ಸ್ ಪ್ರಾಕ್ಟೀಷನರುಗಳಿಗೂ ಹಂಚಿದರು. ಆರು ತಿಂಗಳ ನಂತರ ಎರಡೂ ಕಡೆಯವರ ಆರೋಗ್ಯ ಹೆಚ್ಚುಕಡಿಮೆ ಒಂದೇ ಥರ ಇತ್ತು. ನಮ್ಮವರು ಇದನ್ನು ಎತ್ತಿ ಎತ್ತಿ ತೋರಿಸುತ್ತಾರೆ. ನಾನು ತೋರಿಸುವುದು ಕಮ್ಮಿ. ಆರು ತಿಂಗಳು ಅಂದರೆ ಆರೇ ತಿಂಗಳು.

ಇನ್ನು "ಅರ್ಧ" ಅನ್ನುವ ವಿಚಾರ. ಮಾಮನ ಲೆಕ್ಕ ತಪ್ಪು. ಸರ್ಕಾರದ ಲೆಕ್ಕದಲ್ಲಿ ನಾನು 85 ಪೈಸೆ. ವಯಸ್ಸಾದವರಿಗೆ ಇಲ್ಲಿ ಮೆಡಿಕೇರ್ ಅಂತ ವಿಮೆ ಇದೆ. ಡಾಕ್ಟರ್ ನೋಡಿದರೆ ನೂರು ಡಾಲರ್ ಕೊಡುವ ಕೆಲಸಕ್ಕೆ ನಾನು ನೋಡಿದರೆ 85 ಕೊಡುತ್ತಾರೆ. ಕೆಲವು ಸಲ ನಾನೇ ಮಾಡಿದ ಕೆಲಸವನ್ನು ನಿಯಮದ ಪ್ರಕಾರವೇ ಡಾಕ್ಟರ ಹೆಸರಲ್ಲಿ ಬಿಲ್ ಮಾಡಬಹುದು. ಆಗ ಪೂರ್ತಿ ನೂರು!

ಮತ್ತೆ ಟೆಕ್ಸಾಸ್ ಕಾನೂನು. ಔಷಧಿ ಬರೆಯಬೇಕಾದರೆ ನಾನು ಒಬ್ಬ ಡಾಕ್ಟರ್ ಜೊತೆ ಒಪ್ಪಂದ ಮಾಡಿಕೊಂಡಿರಬೇಕು. ಅವರು ಕ್ಲಿನಿಕ್ಕಿನಲ್ಲೇ ಇರಬೇಕೆಂದೇನಿಲ್ಲ. ತಿಂಗಳಿಗೊಮ್ಮೆ ಮೀಟಿಂಗ್, ಒಂದಷ್ಟು ಫೈಲುಗಳ ತಪಾಸಣೆ. ಕಾರಿನಲ್ಲಿ ಮುಕ್ಕಾಲು ಗಂಟೆ ಹೋದರೆ ಪಕ್ಕದ ರಾಜ್ಯ ನ್ಯೂ ಮೆಕ್ಸಿಕೋದ ಲಾಸ್ ಕ್ರೂಸೆಸ್ ಊರು. ಅಲ್ಲಿ 1993ರಿಂದಲೇ ಈ ಒಪ್ಪಂದದ ಗೊಡವೆ ಇಲ್ಲ. ನಡುವೆ ಇರುವುದು ಒಂದು ಹೆದ್ದಾರಿ, ಒಂದಷ್ಟು ಹಸುವಿನ ಫಾರ್ಮು. ನನ್ನ ಜೊತೆ ಓದಿದವಳು ಅಲ್ಲಿ ತನ್ನದೇ ಕ್ಲಿನಿಕ್ ಇಟ್ಟಿದ್ದಾಳೆ. ಪರೀಕ್ಷೆಯಲ್ಲಿ ನನಗಿಂತ ಕಮ್ಮಿ ಮಾರ್ಕ್ಸ್. (ಇದನ್ನು ಅವಳು ಓದಲ್ಲ, ಕನ್ನಡ ಬರಲ್ಲ.)

ಇದಕ್ಕಿಂತ ಕೆಟ್ಟದ್ದು "ಮಿಡ್-ಲೆವೆಲ್" ಅನ್ನುವ ಮಾತು. ಕೆಲವು ಔಷಧಿ ಬರೆಯಲು ಕೇಂದ್ರ ಸರ್ಕಾರದ ಒಂದು ನಂಬರ್ ಬೇಕು. ನಮ್ಮ ನಂಬರ್ "ಎಂ" ಅಕ್ಷರದಿಂದ ಶುರುವಾಗುತ್ತದೆ. ಎಂ ಅಂದರೆ ಮಿಡ್-ಲೆವೆಲ್. ಅಟ್ಟವೂ ಅಲ್ಲ, ಜಗಲಿಯೂ ಅಲ್ಲ, ನಡುಮನೆ. ನನ್ನನ್ನು ನಡು ಅಂದರೆ ನಡೆಯುತ್ತೆ. ಆದರೆ ನಡು ಅಂತ ಇದ್ದರೆ ಕೆಳಗೆ ಅಂತ ಒಂದು ಇರಲೇಬೇಕಲ್ಲ? ಅಲ್ಲಿ ಯಾರಿದ್ದಾರೆ? ರಾತ್ರಿ ಮೂರು ಗಂಟೆಗೆ ರೋಗಿಯ ಉಸಿರಾಟ ಬದಲಾಗಿದ್ದನ್ನು ಮೊದಲು ಗಮನಿಸುವ ವಾರ್ಡ್ ನರ್ಸ್. ನಾನು ಎಂಟು ವರ್ಷ ಅದೇ ಆಗಿದ್ದೆ.

ವಾರ್ಡಿನಲ್ಲಿ ಕಲಿತ ಒಂದು ಅಭ್ಯಾಸ ಇನ್ನೂ ಹೋಗಿಲ್ಲ. ಶುಗರ್ ಇರುವವರು ಯಾರೇ ಬರಲಿ, ನೆಗಡಿಗೇ ಬಂದಿರಲಿ, ಶೂ ಬಿಚ್ಚಿಸುತ್ತೇನೆ. ಒಬ್ಬರು ಬಂದಿದ್ದರು, ಛಾವಣಿ ಕೆಲಸದವರು, ಅರವತ್ತು ದಾಟಿದ ವಯಸ್ಸು. ಬೂಟು ಬಿಚ್ಚಲು ನಾಚಿಕೆ ಪಟ್ಟರು. ನಾನೇ ಕೆಳಗೆ ಕೂತು ಲೇಸ್ ಬಿಚ್ಚಿ ಎಳೆದೆ. ಕಾಲುಚೀಲಕ್ಕೆ ಒದ್ದೆ ಕಲೆ. ಬೂಟು ಬೋರಲು ಹಾಕಿ ತಟ್ಟಿದರೆ ಟಣ್ ಅಂತ ಬಿತ್ತು, ಒಂದು ಸೆಂಟಿನ ನಾಣ್ಯ. ಹೆಬ್ಬೆರಳ ಬುಡದಲ್ಲಿ ಅಷ್ಟೇ ಅಗಲದ, ಅಷ್ಟೇ ಗುಂಡಗಿನ ಗಾಯ. ಎಷ್ಟು ದಿನದಿಂದ ಅದರ ಮೇಲೆ ನಡೆಯುತ್ತಿದ್ದರೋ, ಕಾಲಿಗೆ ಸ್ಪರ್ಶವೇ ಇರಲಿಲ್ಲ. ಅವರು ನಾಣ್ಯ ಎತ್ತಿ ಒರೆಸಿ ಜೇಬಿಗೆ ಹಾಕಿಕೊಂಡರು.

ನೀವು ಕೇಳಬೇಕಾದ ಪ್ರಶ್ನೆ ಒಂದಿದೆ, ಯಾರೂ ಕೇಳಲ್ಲ. "ನೀನು ತಪ್ಪು ಮಾಡಿದರೆ ಯಾರು ಹೊಣೆ?"

ಒಂದು ಸಂಜೆ ಒಬ್ಬ ಹೆಂಗಸಿಗೆ ಎದೆಯುರಿ ಅಂತ ಮಾತ್ರೆ ಬರೆದು ಕಳಿಸಿದ್ದೆ. ರಾತ್ರಿ ಎರಡಕ್ಕೆ ಥಟ್ಟನೆ ಎಚ್ಚರವಾಯಿತು. ಇಸಿಜಿ ಮಾಡಿಸಿರಲಿಲ್ಲ. ವಯಸ್ಸು ಐವತ್ತೆಂಟು, ಶುಗರ್ ಇದೆ, ಹೆಂಗಸು. ಇಂಥವರಿಗೆ ಹೃದಯದ ನೋವು ಹೃದಯದ ನೋವಿನ ಹಾಗೆ ಬರಲ್ಲ ಅಂತ ಹೊಸ ನರ್ಸುಗಳಿಗೆ ನಾನೇ ಪಾಠ ಹೇಳಿದ್ದೆ. ಆಮೇಲೆ ನಿದ್ದೆ ಎಲ್ಲಿಂದ? ಒಪ್ಪಂದಕ್ಕೆ ಸಹಿ ಹಾಕಿದ ಡಾಕ್ಟರ್ ಅವರ ಮನೆಯಲ್ಲಿ ನೆಮ್ಮದಿಯಾಗಿ ಮಲಗಿದ್ದರು. ತಪ್ಪಲ್ಲ, ಅವರು ಆಕೆಯನ್ನು ನೋಡೇ ಇರಲಿಲ್ಲ. ಫೈಲಿನಲ್ಲಿ ಹೆಸರು ನನ್ನದು. ಲೈಸೆನ್ಸ್ ನನ್ನದು. ಕೋರ್ಟಿಗೆ ಹೋದರೆ ಬೇಕಾಗುವ ವಿಮೆಯ ಕಂತು ಕಟ್ಟುವುದೂ ನಾನೇ. ಆ ಹೊತ್ತಿನಲ್ಲಿ ಯಾರೂ ನನ್ನನ್ನು ಅರ್ಧ ಅನ್ನಲ್ಲ. 85 ಪೈಸೆ ಹೊಣೆ ಅಂತ ಯಾವ ವಕೀಲನೂ ಬರೆಯಲ್ಲ.

ಬೆಳಗ್ಗೆ ಆರಕ್ಕೆ ಫೋನ್ ಮಾಡಿದೆ. ಆಕೆ ಚೆನ್ನಾಗಿಯೇ ಇದ್ದರು. ರಜಾ ದಿನ ಎಬ್ಬಿಸಿದ್ದಕ್ಕೆ ಚೆನ್ನಾಗಿಯೇ ಬೈದರು. ಆದರೂ ಆ ಬೆಳಗ್ಗೆಯೇ ಎಮರ್ಜೆನ್ಸಿಗೆ ಕಳಿಸಿ ಇಸಿಜಿ, ರಕ್ತ ಪರೀಕ್ಷೆ ಮಾಡಿಸಿದೆ. ಎಲ್ಲ ನಾರ್ಮಲ್. ಎದೆಯುರಿಯೇ ಆಗಿತ್ತು.

ಊರಿನಲ್ಲೂ ಈಗ ನನ್ನಂಥವರು ಇದ್ದಾರೆ. ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಬಿಪಿ, ಶುಗರ್ ನೋಡುವ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಹುಡುಗಿಯರಲ್ಲಿ ಬಿ.ಎಸ್ಸಿ ನರ್ಸಿಂಗ್ ಓದಿದವರೇ ಜಾಸ್ತಿ. ಅವರನ್ನೂ ಇದೇ ಪ್ರಶ್ನೆ ಕೇಳುತ್ತಿರುತ್ತೀರಿ, ನನಗೆ ಗೊತ್ತು. ಅವರಿಗೂ ಈ ಲಿಂಕ್ ಉಪಯೋಗಕ್ಕೆ ಬಂದೀತು.

ಹೋದ ವಾರ ಮಾಮನಿಂದ ವಾಟ್ಸಾಪ್ ಬಂತು. ಹೊಸ ರಿಪೋರ್ಟಿನ ಫೋಟೋ, ಸ್ವಲ್ಪ ಅಡ್ಡಡ್ಡ. ಕ್ರಿಯಾಟಿನಿನ್ 1.5. ಕೆಳಗೆ ಒಂದು ಸಾಲು: "ನಿಮ್ಮ ಡಾಕ್ಟರಿಗೆ ನನ್ನ ನಮಸ್ಕಾರ ಹೇಳಮ್ಮ."

"ಹೇಳ್ತೀನಿ ಮಾಮ" ಅಂತ ಬರೆದೆ. ಮಂಡಿನೋವು ಹೇಗಿದೆ, ಅದಕ್ಕೆ ಈಗ ಏನು ತಗೋತಿದ್ದೀರಿ ಅಂತಲೂ ಕೇಳಿದೆ. ಎರಡೂ ಗೆರೆ ನೀಲಿ ಆಗಿವೆ. ಉತ್ತರ ಇನ್ನೂ ಬಂದಿಲ್ಲ.