ಅರ್ಧ ಪೆನ್ನಿಯ ಕಾರ್ಡು

ಇಂಗ್ಲೆಂಡಿನ ಕಡಲತೀರದ ಊರು ಬ್ರೈಟನ್‌ನ ಹಳೇ ಪೋಸ್ಟ್‌ಕಾರ್ಡ್ ಕೈಗೆ ಸಿಕ್ಕರೆ ನಾನು ಮೊದಲು ತಿರುಗಿಸಿ ಹಿಂಬದಿ ನೋಡುತ್ತೇನೆ. ಬ್ರಿಟನ್ನಿನಲ್ಲಿ 1902ಕ್ಕೆ ಮುಂಚೆ ಆ ಕಡೆ ವಿಳಾಸ ಬಿಟ್ಟು ಬೇರೇನೂ ಬರೆಯುವ ಹಾಗಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಚಿತ್ರದ ಪಕ್ಕದ ಬಿಳಿ ಜಾಗದಲ್ಲೇ ಬರೆಯಬೇಕಿತ್ತು. ಅರ್ಧ ಪೆನ್ನಿ ಸ್ಟ್ಯಾಂಪ್ ಇದ್ದರೆ ಸಾಮಾನ್ಯವಾಗಿ 1918ಕ್ಕಿಂತ ಹಳೆಯದು. ಆ ವರ್ಷ ದರ ಒಂದು ಪೆನ್ನಿ ಆಯ್ತು.

ಮೊನ್ನೆ ಭಾನುವಾರ ಹಳೇ ಸಾಮಾನಿನ ಸಂತೆಗೆ ಹೋಗಿದ್ದು ವೆಸ್ಟ್ ಪಿಯರ್‌ನ ಕಾರ್ಡುಗಳಿಗಾಗಿ. ಪಿಯರ್ ಅಂದರೆ ಜನ ಓಡಾಡಲು ದಡದಿಂದ ಕಡಲೊಳಕ್ಕೆ ಚಾಚಿ ಕಟ್ಟಿದ ಸೇತುವೆ. ಇದು 1866ರಲ್ಲಿ ತೆರೆಯಿತು, 1975ರಲ್ಲಿ ಮುಚ್ಚಿತು, 2003ರಲ್ಲಿ ಸುಟ್ಟುಹೋಯಿತು. ನಾನು ಈ ಊರಿಗೆ ಬಂದಾಗ ಕಡಲಲ್ಲಿ ನಿಂತಿದ್ದದ್ದು ತುಕ್ಕು ಹಿಡಿದ ಕಬ್ಬಿಣದ ಅಸ್ಥಿಪಂಜರ ಮಾತ್ರ. ಅದರ ಮೇಲೆ ಜನ ಓಡಾಡಿದ್ದನ್ನು ನಾನು ಕಂಡಿರುವುದು ಕಾರ್ಡುಗಳಲ್ಲೇ.

ಶೂ ಡಬ್ಬದಲ್ಲಿ ಪಿಯರ್‌ಗಳ ನಡುವೆ ಬೇರೆಯದೊಂದು ಸಿಕ್ಕಿತು. ಎತ್ತರದ ಗುಮ್ಮಟ, ಕೆಳಗೆ ಸಾಲು ಸಾಲು ಮಂಚ. ಮಂಚಗಳ ಮೇಲೆ ಪೇಟ ಸುತ್ತಿದವರು. ಮುಂದಿನ ಸಾಲಿನವನೊಬ್ಬ ಕಂಬಳಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೇರ ಕ್ಯಾಮೆರಾ ನೋಡುತ್ತಿದ್ದ. ಮೊದಲ ಮಹಾಯುದ್ಧದಲ್ಲಿ ಇಲ್ಲಿನ ಹಳೇ ಅರಮನೆ ರಾಯಲ್ ಪೆವಿಲಿಯನ್ನನ್ನೂ ಪಕ್ಕದ ಡೋಮ್ ಎಂಬ ಗುಮ್ಮಟದ ಕಟ್ಟಡವನ್ನೂ ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆ ಮಾಡಿದ್ದರು ಅಂತ ಓದಿದ್ದೆ. ಓದಿದ್ದು ಬೇರೆ, ಅವನ ಕೈ ನೋಡಿದ್ದು ಬೇರೆ.

ಹಿಂದೆ 1915ರ ಮುದ್ರೆ, ಹಸಿರು ಅರ್ಧ ಪೆನ್ನಿ. ಯಾರೋ ಅಕ್ಕನಿಗೆ ಬರೆದಿದ್ದರು: ಕೆಮ್ಮು ಕಮ್ಮಿಯಾಗಿದೆ, ಗಾಳಿ ಜಾಸ್ತಿ, ಮಂಗಳವಾರ ಬರುತ್ತೇನೆ. ಚಿತ್ರದ ಬಗ್ಗೆ ಒಂದು ಮಾತೂ ಇಲ್ಲ. ನನಗೆ ತುಂಬಾ ಬೇಜಾರಾಯಿತು. ಚೌಕಾಸಿ ಮಾಡದೆ ದುಡ್ಡು ಕೊಟ್ಟೆ.

ಅಮ್ಮನಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. ಪೆವಿಲಿಯನ್ನಿನ ಇನ್ನೊಂದು ಕಾರ್ಡೂ ಜೊತೆಗಿತ್ತು. "ಮೈಸೂರು ಅರಮನೆ ಇದ್ದ ಹಾಗಿದೆಯಲ್ಲೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಫೋನ್ ಮಾಡಿದರು. "ಅಲ್ವೇ, ಆ ಹುಡುಗರಿಗೆ ಊಟಕ್ಕೆ ಏನು ಕೊಡ್ತಿದ್ರು?"

ಹಿಂದೂಗಳಿಗೆ, ಮುಸ್ಲಿಮರಿಗೆ ಬೇರೆ ಬೇರೆ ಅಡುಗೆಮನೆ, ಬೇರೆ ನಲ್ಲಿ ಇದ್ದವು ಅಂತ ಹೇಳಿದೆ. "ಸದ್ಯ, ಉಪವಾಸ ಇರಲಿಲ್ಲ" ಅಂದರು.

ಅಲ್ಲಿ ತೀರಿಕೊಂಡ ಹಿಂದೂ, ಸಿಖ್ ಸೈನಿಕರನ್ನು ಊರಾಚೆಯ ಗುಡ್ಡದ ಮೇಲೆ ದಹನ ಮಾಡಿದರು. ಆ ಜಾಗದಲ್ಲಿ 1921ರಿಂದ ಬಿಳಿ ಅಮೃತಶಿಲೆಯ ಸ್ಮಾರಕ ಮಂಟಪ ನಿಂತಿದೆ, ಹೆಸರು ಛತ್ರಿ. ಆಲ್ಬಮ್ಮಿನಲ್ಲಿ ಈ ಕಾರ್ಡಿನ ಎದುರು ಪುಟ ಖಾಲಿ ಬಿಟ್ಟಿದ್ದೇನೆ. ಛತ್ರಿಯ ಹಳೇ ಕಾರ್ಡ್ ಸಿಕ್ಕರೆ ಅಲ್ಲಿಡಬೇಕು.