ಮೀಡಿಯಂ ಲೆಟರ್ ಕೇಳುವ ಮೊದಲು

ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನ ಆಫೀಸಿನಲ್ಲಿ ನನ್ನ ಕೆಲಸ. ಬೋನಫೈಡ್, ಟಿ.ಸಿ., ಟ್ರಾನ್ಸ್‌ಕ್ರಿಪ್ಟ್ ಅರ್ಜಿ ಎಲ್ಲ ನನ್ನ ಟೇಬಲ್ ದಾಟಿಯೇ ಹೋಗಬೇಕು. ಈಚೆಗೆ ಮಕ್ಕಳು ಜಾಸ್ತಿ ಕೇಳುವುದು ಮೀಡಿಯಂ ಆಫ್ ಇನ್‌ಸ್ಟ್ರಕ್ಷನ್ ಸರ್ಟಿಫಿಕೇಟ್. ಅವರ ಬಾಯಲ್ಲಿ ಅದು ಎಂಓಐ, ಇಲ್ಲವೇ ಬರೀ ‘ಮೀಡಿಯಂ ಲೆಟರ್’. ಇವರು ಬಿ.ಇ. ಓದಿದ್ದು ಇಂಗ್ಲಿಷಿನಲ್ಲಿ, ಪರೀಕ್ಷೆ ಬರೆದದ್ದೂ ಇಂಗ್ಲಿಷಿನಲ್ಲಿ ಎಂದು ಕಾಲೇಜು ಬರೆದುಕೊಡುವ ಅರ್ಧ ಪುಟದ ಪತ್ರ. ಎಂ.ಎಸ್. ಮಾಡಲು ಹೊರದೇಶಕ್ಕೆ ಹೊರಟವರು ಇದೊಂದಿದ್ದರೆ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯುವ ತಾಪತ್ರಯ ತಪ್ಪಿತು ಅಂದುಕೊಂಡೇ ಬರುತ್ತಾರೆ. ಅಂದುಕೊಳ್ಳದೆ ಇನ್ನೇನು? ‘ಐಇಎಲ್‌ಟಿಎಸ್ ಇಲ್ಲದೆ ವಿದೇಶ’ ಅಂತ ಬಸ್ ಸ್ಟ್ಯಾಂಡ್ ಹತ್ತಿರ ಆಳೆತ್ತರದ ಅಕ್ಷರದಲ್ಲಿ ಬ್ಯಾನರ್ ಕಟ್ಟಿದರೆ ಯಾರಾದರೂ ನಂಬುತ್ತಾರೆ.

ಅದರಲ್ಲಿ ನಿಜವೂ ಇದೆ, ತೊಂದರೆ ಇರುವುದು ಅಲ್ಲೇ. ಜರ್ಮನಿಯ ಕೆಲವು ಕೋರ್ಸುಗಳು, ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಈ ಪತ್ರವನ್ನು ಒಪ್ಪುತ್ತವೆ. ಇನ್ನು ಕೆಲವು ಕಡೆ ಇಂಗ್ಲಿಷಿನಲ್ಲಿ ಓದಿದ್ದರೆ ಸಾಲದು, ಇಂಗ್ಲಿಷೇ ಮನೆಮಾತಾಗಿರುವ ದೇಶದಲ್ಲಿ ಓದಿರಬೇಕು. ಬ್ರಿಟನ್ ಸರ್ಕಾರ ವೀಸಾಕ್ಕೆ ಅಂತ ಇಟ್ಟುಕೊಂಡಿರುವ ಆ ದೇಶಗಳ ಪಟ್ಟಿಯಲ್ಲಿ ಅಮೆರಿಕ, ಆಸ್ಟ್ರೇಲಿಯಾ, ಜಮೈಕಾ ಎಲ್ಲ ಇವೆ, ಭಾರತ ಇಲ್ಲ. ಒಂದೇ ವಿಶ್ವವಿದ್ಯಾಲಯದ ಒಳಗೂ ಲೆಕ್ಕ ಬೇರೆ ಬೇರೆ ಇರುತ್ತದೆ. ಗ್ರಾಜುಯೇಟ್ ಸ್ಕೂಲ್ ಇಷ್ಟು ಸಾಕು ಅಂದರೆ ಡಿಪಾರ್ಟ್‌ಮೆಂಟು ಅದರ ಮೇಲೆ ಇನ್ನಷ್ಟು ಕೇಳುತ್ತದೆ. ಸೀಟು ಕೊಡುವವರು ಬೇರೆ, ವೀಸಾ ಕೊಡುವವರು ಬೇರೆ ಅನ್ನುವುದನ್ನೂ ಮರೆಯಬಾರದು. ಆಸ್ಟ್ರೇಲಿಯಾದವರು ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐಇಎಲ್‌ಟಿಎಸ್ ಅಂಕವನ್ನು 2024ರ ಮಾರ್ಚ್‌ನಲ್ಲಿ 6.0ಕ್ಕೆ ಏರಿಸಿದರು.

ಹಾಗಾಗಿ ಈಗ ಯಾರೇ ಬಂದು ‘ಮೇಡಂ, ಮೀಡಿಯಂ ಲೆಟರ್’ ಅಂದರೂ ನಾನು ಕೀಬೋರ್ಡ್ ಮುಟ್ಟುವುದಿಲ್ಲ. ‘ನೀನು ಅರ್ಜಿ ಹಾಕುವ ಕೋರ್ಸಿನ ಪುಟ ಮೊಬೈಲಲ್ಲಿ ತೆಗಿಯಪ್ಪಾ, ಇಂಗ್ಲಿಷ್ ಬಗ್ಗೆ ಏನು ಬರೆದಿದ್ದಾರೆ ಓದು’ ಅನ್ನುತ್ತೇನೆ. ತುಂಬಾ ಜನ ಅದನ್ನು ಮೊದಲ ಸಲ ಓದುವುದೇ ನನ್ನ ಟೇಬಲ್ ಮುಂದೆ ನಿಂತು. ಕನ್ಸಲ್ಟೆನ್ಸಿಯವರು ಹೇಳಿದರು, ಸೀನಿಯರ್ ಹೇಳಿದ, ವಾಟ್ಸಾಪ್ ಗ್ರೂಪಿನಲ್ಲಿ ಬಂತು, ಅಷ್ಟೇ. ಸೀನಿಯರ್ ಹೋದದ್ದು ಬೇರೆ ವರ್ಷ, ಬೇರೆ ಕೋರ್ಸಿಗೆ ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ಆಲೂರು, ಅರಕಲಗೂಡು ಕಡೆಯಿಂದ ಬಂದ ಮಕ್ಕಳಿಗೆ ಇನ್ನೊಂದು ಅಂಜಿಕೆ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮೀಡಿಯಂ ಮೇಡಂ, ಅದನ್ನೂ ಬರೆಯಬೇಕಾ ಅಂತ ಮೆತ್ತಗೆ ಕೇಳುತ್ತಾರೆ. ಬೇಡ. ಆ ಪತ್ರ ಮಾತಾಡುವುದು ಪದವಿಯ ಬಗ್ಗೆ ಮಾತ್ರ. ಆದರೆ ಬ್ರಿಟನ್ನಿಗೆ ಹೋಗುವವರು ಪಿಯುಸಿ ಮಾರ್ಕ್ಸ್ ಕಾರ್ಡನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳು ಐಇಎಲ್‌ಟಿಎಸ್ ಬದಲು 12ನೇ ತರಗತಿಯ ಇಂಗ್ಲಿಷ್ ಅಂಕ ನೋಡುತ್ತವೆ. ಯಾವ ಬೋರ್ಡು, ಎಷ್ಟು ಅಂಕ, ಓದಿ ಎಷ್ಟು ವರ್ಷ ಆಯಿತು ಅನ್ನುವುದನ್ನು ಒಬ್ಬೊಬ್ಬರು ಒಂದೊಂದು ಥರ ಇಟ್ಟುಕೊಂಡಿದ್ದಾರೆ. ಪಿಯುಸಿಯಲ್ಲಿ ಇಂಗ್ಲಿಷಿಗೆ ಒಳ್ಳೆಯ ಅಂಕ ತೆಗೆದು, ಅದು ಉಪಯೋಗಕ್ಕೆ ಬರುತ್ತದೆ ಅಂತಲೇ ಗೊತ್ತಿಲ್ಲದೆ ಪರೀಕ್ಷೆಗೆ ದುಡ್ಡು ಕಟ್ಟಿ ಬಂದವರನ್ನು ನೋಡಿದ್ದೇನೆ. ಐಇಎಲ್‌ಟಿಎಸ್ ಅಂದರೆ 15 ಸಾವಿರ ರೂಪಾಯಿ ದಾಟುತ್ತದೆ, ಸಣ್ಣ ಮೊತ್ತವೇನಲ್ಲ.

ಪತ್ರ ಬೇಕೇಬೇಕು ಅಂತ ಆದರೆ ಅದರಲ್ಲಿ ಏನಿರಬೇಕು ಅನ್ನುವುದೂ ಮುಖ್ಯ. ಲೆಟರ್‌ಹೆಡ್, ಔಟ್‌ವರ್ಡ್ ನಂಬರ್, ದಿನಾಂಕ, ಯುಎಸ್‌ಎನ್ ಅಂದರೆ ವಿದ್ಯಾರ್ಥಿಯ ನೋಂದಣಿ ಸಂಖ್ಯೆ, ಸೇರಿದ ವರ್ಷ, ಮುಗಿಸಿದ ವರ್ಷ. ಪಾಠವೂ ಪರೀಕ್ಷೆಯೂ ಪೂರ್ತಿ ಇಂಗ್ಲಿಷಿನಲ್ಲೇ ಅನ್ನುವ ವಾಕ್ಯ. ಸಹಿ, ಸೀಲು. ‘ಈ ವಿದ್ಯಾರ್ಥಿಯ ಇಂಗ್ಲಿಷ್ ಬಹಳ ಚೆನ್ನಾಗಿದೆ’ ಅಂತ ಸೇರಿಸಿ ಮೇಡಂ ಅಂತ ಕೆಲವರು ದುಂಬಾಲು ಬೀಳುತ್ತಾರೆ. ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹೊರದೇಶದ ವಿಶ್ವವಿದ್ಯಾಲಯದವರಿಗೆ ಬೇಕಾಗಿರುವುದು ಪತ್ರದ ಕೆಳಗಿನ ಇಮೇಲ್ ವಿಳಾಸ. ನಿಜವಾಗಿ ಈ ಪತ್ರ ಕೊಟ್ಟಿದ್ದು ನೀವೇನಾ ಅಂತ ಅಲ್ಲಿಂದ ಕಾಲೇಜಿಗೆ ಮೇಲ್ ಬರುತ್ತದೆ, ಎಷ್ಟೋ ಸಲ ಸ್ಪ್ಯಾಮಿಗೆ ಹೋಗಿ ಕೂರುತ್ತದೆ. ಕಾಲೇಜಿನ ಹೆಸರಿರುವ ವಿಳಾಸವೇ ಕೊಡಬೇಕು, ಯಾರದೋ ಜಿಮೇಲ್ ಕೊಟ್ಟರೆ ಅನುಮಾನ ಪಡುತ್ತಾರೆ. ಕೆಲವರಿಗೆ ಪ್ರಾಂಶುಪಾಲರ ಸಹಿಯೂ ಸಾಲದು, ಪದವಿ ಕೊಟ್ಟ ವಿಶ್ವವಿದ್ಯಾಲಯವೇ ಬರೆದುಕೊಡಬೇಕು. ವಿಟಿಯು ಆದರೆ ಬೆಳಗಾವಿಗೆ ಅರ್ಜಿ ಹೋಗಿ ಕಾಗದ ವಾಪಸ್ ಬರಬೇಕು. ಅದು ಹಾಸನದಲ್ಲಿ ಕೂತು ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ಅಲ್ಲ.

ಪರೀಕ್ಷೆ ಬರೆದವರ ಕಥೆಗೆ ಬರುತ್ತೇನೆ. ಟ್ರಾನ್ಸ್‌ಕ್ರಿಪ್ಟ್ ತೆಗೆದುಕೊಳ್ಳಲು ಬಂದ ಹುಡುಗ ‘ಓವರಾಲ್ 6.5 ಬಂತು ಮೇಡಂ’ ಅಂತ ಮುಖ ಅರಳಿಸಿಕೊಂಡು ಫಲಿತಾಂಶ ತೋರಿಸಿದ. ಲಿಸನಿಂಗ್ 7, ರೀಡಿಂಗ್ 6.5, ರೈಟಿಂಗ್ 5.5, ಸ್ಪೀಕಿಂಗ್ 6.5. ಕೂಡಿ ನಾಲ್ಕರಿಂದ ಭಾಗಿಸಿದರೆ 6.375. ಐಇಎಲ್‌ಟಿಎಸ್‌ನವರು ಅದನ್ನು ಹತ್ತಿರದ ಅರ್ಧಕ್ಕೆ ಏರಿಸಿ 6.5 ಮಾಡುತ್ತಾರೆ. ಸರಿ, ಆದರೆ ಅವನ ಕೋರ್ಸಿನ ಪುಟದಲ್ಲಿ ಇದ್ದದ್ದು ‘ಒಟ್ಟು 6.5, ಯಾವ ವಿಭಾಗದಲ್ಲೂ 6.0ಕ್ಕಿಂತ ಕಡಿಮೆ ಇರಬಾರದು’ ಅಂತ. ಟೋಟಲ್ ಫಸ್ಟ್ ಕ್ಲಾಸ್ ಬಂದು ಗಣಿತದಲ್ಲಿ ಫೇಲ್ ಆದ ಹಾಗೆ. ಎರಡನೇ ಅರ್ಧ ವಾಕ್ಯವನ್ನು ಅವನು ಓದಿಯೇ ಇರಲಿಲ್ಲ. ಅವನ ಅದೃಷ್ಟ, ಒಂದೇ ವಿಭಾಗವನ್ನು ಮತ್ತೆ ಬರೆಯುವ ಸೌಲಭ್ಯ ಈಗ ಇದೆ. ಕಂಪ್ಯೂಟರಿನಲ್ಲಿ ಬರೆದವರಿಗೆ ಮಾತ್ರ, ಮೊದಲ ಪರೀಕ್ಷೆಯಾಗಿ 60 ದಿನಗಳ ಒಳಗೆ, ಒಂದೇ ಸಲ. ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ಒಪ್ಪುವುದಿಲ್ಲ, ಅದನ್ನೂ ಮೊದಲು ಕೇಳಿಕೊಳ್ಳಬೇಕು.

ಮಕ್ಕಳೆಲ್ಲ ಹೆದರುವುದು ಸ್ಪೀಕಿಂಗಿಗೆ. ನಾನು ನೋಡಿದ ಹಾಗೆ ಕೈಕೊಡುವುದು ರೈಟಿಂಗ್. ಕಾರಣ ನಮ್ಮಲ್ಲೇ ಇದೆ. ವಿಟಿಯು ಉತ್ತರ ಪತ್ರಿಕೆ ಹೇಗೆ ಬರೆಯುತ್ತಾರೆ ನೋಡಿ. ಹೆಡಿಂಗ್ ಹಾಕಿ ಅಡಿಗೆರೆ, ಆಮೇಲೆ ಪಾಯಿಂಟ್ ಪಾಯಿಂಟಾಗಿ ತುಂಡು ವಾಕ್ಯ, ಕೊನೆಗೊಂದು ಚಿತ್ರ. ನಾಲ್ಕು ವರ್ಷ ಹಾಗೆ ಬರೆದು ಪಳಗಿದ ಕೈ ಅದು. ಐಇಎಲ್‌ಟಿಎಸ್ ರೈಟಿಂಗಿನಲ್ಲಿ 60 ನಿಮಿಷದಲ್ಲಿ ಎರಡು ಬರಹ. ಮೊದಲನೆಯದು ಗ್ರಾಫೋ ಟೇಬಲ್ಲೋ ನೋಡಿ ಕನಿಷ್ಠ 150 ಪದ, ಎರಡನೆಯದು ಕನಿಷ್ಠ 250 ಪದದ ಪ್ರಬಂಧ. ಪ್ರಬಂಧಕ್ಕೆ ಎರಡು ಪಟ್ಟು ತೂಕ. ಅಲ್ಲಿ ಪಾಯಿಂಟ್ ಹಾಕಿದರೆ ಅಂಕ ಕಡಿಮೆಯಾಗುತ್ತದೆ, ಒಂದು ಮಾತಿಗೆ ಇನ್ನೊಂದು ಮಾತು ಕೂಡಿಕೊಂಡು ಪ್ಯಾರಾ ಪ್ಯಾರಾವಾಗಿ ಹೋಗಬೇಕು. ಗ್ರಾಫಿನ ಪ್ರಶ್ನೆಯಲ್ಲಿ ಇನ್ನೊಂದು ಎಡವಟ್ಟು ಮಾಡುತ್ತಾರೆ. ಗೆರೆ ಏರಿದೆ, ಇಳಿದಿದೆ ಅಂತ ಬರೆಯುವುದು ಬಿಟ್ಟು ಯಾಕೆ ಏರಿತು ಅಂತ ತಮ್ಮ ಕಡೆಯಿಂದ ಕಾರಣ ಹುಡುಕಲು ಹೊರಡುತ್ತಾರೆ. ಇಂಜಿನಿಯರ್ ಬುದ್ಧಿ, ಏನು ಮಾಡುವುದು! ಕೋಚಿಂಗಿನಲ್ಲಿ ಬಾಯಿಪಾಠ ಮಾಡಿಸಿದ ವಾಕ್ಯಗಳನ್ನು ಎಲ್ಲ ಪ್ರಶ್ನೆಗೂ ಅಂಟಿಸುವುದಂತೂ ಬೇಡವೇ ಬೇಡ, ಪರೀಕ್ಷಕರು ಅಂಥವನ್ನು ದಿನಾ ನೋಡುತ್ತಿರುತ್ತಾರೆ.

ಸ್ಪೀಕಿಂಗ್ ಇರುವುದು 11ರಿಂದ 14 ನಿಮಿಷ. ನಡುವೆ ಒಂದು ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತಾಡಿಸುತ್ತಾರೆ. ಒಬ್ಬಳು ಹುಡುಗಿ ನನ್ನ ಟೇಬಲ್ ಹತ್ತಿರ ಪ್ರಿಂಟಿಗೆ ಕಾಯುತ್ತಿದ್ದಾಗ, ಸುಮ್ನೆ ಹಾಸನಾಂಬ ದೇವಸ್ಥಾನದ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಮ್ಮಾ ನೋಡೋಣ ಅಂದೆ. ವರ್ಷಕ್ಕೊಮ್ಮೆ ಬಾಗಿಲು ತೆಗೆಯುವುದು ಅಂದು ನಿಲ್ಲಿಸಿಬಿಟ್ಟಳು. ಧರ್ಮದರ್ಶನದ ಸಾಲಿನಲ್ಲಿ ನಿಂತಿದ್ದೀಯಲ್ಲ, ಯಾರ ಜೊತೆ, ಮಳೆ ಬಂತಾ, ಕಾಲು ನೋವಾಗಲಿಲ್ವಾ ಅಂತ ಕೆದಕಿದೆ. ಆಮೇಲೆ ಅಜ್ಜಿ ಸಾಲಿನ ನಡುವೆ ಕೂತುಬಿಟ್ಟದ್ದು, ಪೊಲೀಸಿನವರು ಬೈದದ್ದು ಎಲ್ಲ ಬಂತು, ನಿಲ್ಲಿಸುವುದೇ ಕಷ್ಟವಾಯಿತು. ವ್ಯಾಕರಣ ಅಲ್ಲಲ್ಲಿ ಸೊಟ್ಟ ಇತ್ತು, ಇರಲಿ. ಉಚ್ಚಾರಣೆ ಸ್ಪಷ್ಟವಾಗಿದ್ದರೆ ಸಾಕು, ಬಿಬಿಸಿಯವರ ಥರ ರಾಗ ಎಳೆಯಬೇಕಾಗಿಲ್ಲ. ಅಮೆರಿಕದಲ್ಲಿ ಟಿ.ಎ., ಅಂದರೆ ಟೀಚಿಂಗ್ ಅಸಿಸ್ಟೆಂಟ್ ಕೆಲಸ ಮಾಡಿಕೊಂಡು ಫೀಸು ಉಳಿಸುವ ಆಲೋಚನೆ ಇದ್ದವರು ಮಾತ್ರ ಇದನ್ನು ಹಗುರವಾಗಿ ತಗೋಬೇಡಿ. ಪಾಠ ಮಾಡುವ ಕೆಲಸಕ್ಕೆ ಅಲ್ಲಿ ಎಷ್ಟೋ ಕಡೆ ಸ್ಪೀಕಿಂಗ್ ಅಂಕ ಅಡ್ಮಿಷನ್ನಿಗಿಂತ ಮೇಲೆ ಕೇಳುತ್ತಾರೆ.

ಐಇಎಲ್‌ಟಿಎಸ್ ಬದಲು ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯುವವರಿಗೆ ಒಂದು ಮಾತು. 2026ರ ಜನವರಿಯಿಂದ ಅದು 1ರಿಂದ 6ರ ಅಳತೆಗೆ ಬದಲಾಗಿದೆ. ಸದ್ಯಕ್ಕೆ ಹಳೆಯ 120ರ ಲೆಕ್ಕವನ್ನೂ ಪಕ್ಕದಲ್ಲಿ ಕೊಡುತ್ತಾರೆ. ಸೀನಿಯರ್ ‘ನನಗೆ 98 ಬಂತು’ ಅಂದದ್ದನ್ನು ಹಿಡಿದುಕೊಂಡು ಗಾಬರಿಯಾಗಬೇಡಿ. ಡುಯೊಲಿಂಗೊ ಅನ್ನುವ ಇನ್ನೊಂದು ಪರೀಕ್ಷೆ ಅಗ್ಗ, ಒಂದು ಗಂಟೆಯಲ್ಲಿ ಮನೆಯಲ್ಲೇ ಕೂತು ಬರೆಯಬಹುದು, ಅಂಕ 160ಕ್ಕೆ. ಆದರೆ ಅದನ್ನು ಒಪ್ಪದ ಕಡೆಗಳೂ ಇವೆ. ಸಕಲೇಶಪುರದ ತೋಟದ ಮನೆಯಲ್ಲಿ ಜುಲೈ ತಿಂಗಳ ಮಳೆಯಲ್ಲಿ ಅದನ್ನು ಬರೆಯಲು ಕೂರುವ ಸಾಹಸವನ್ನಂತೂ ಮಾಡಬೇಡಿ, ಕರೆಂಟ್ ಹೋಗಿ ನೆಟ್ ಕೈಕೊಟ್ಟರೆ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ಯಾವುದೇ ಬರೆದರೂ ಅಂಕಕ್ಕೆ ಎರಡು ವರ್ಷದ ಆಯಸ್ಸು. ಫೈನಲ್ ಇಯರಿನಲ್ಲಿ ಬರೆದು, ಕೆಲಸಕ್ಕೆ ಸೇರಿ, ಆಮೇಲೆ ನಿಧಾನವಾಗಿ ಅರ್ಜಿ ಹಾಕೋಣ ಅಂದುಕೊಂಡವರು ದಿನಾಂಕ ನೋಡಿಕೊಳ್ಳಿ.

ಹೆಸರಿನ ಗೋಳು ಬೇರೆಯೇ ಇದೆ, ನನ್ನ ಅರ್ಧ ಸಮಯ ಅದಕ್ಕೇ ಹೋಗುತ್ತದೆ. ನಮ್ಮವರಿಗೆ ಸರ್‌ನೇಮ್ ಎಲ್ಲಿದೆ? ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಪಕ್ಕ ಎಚ್.ಎಂ. ಅಂತ ಇರುತ್ತದೆ, ಎಚ್ ಊರಿನದು, ಎಂ ಅಪ್ಪನದು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಐಇಎಲ್‌ಟಿಎಸ್‌ಗೆ ಗುರುತಿನ ಚೀಟಿ ಅಂದರೆ ಪಾಸ್‌ಪೋರ್ಟೇ, ಹಾಗಾಗಿ ಅಂಕಪಟ್ಟಿಯಲ್ಲಿ ಪಾಸ್‌ಪೋರ್ಟಿನ ಹೆಸರು ಬರುತ್ತದೆ. ಟ್ರಾನ್ಸ್‌ಕ್ರಿಪ್ಟಿನಲ್ಲಿ ಇನಿಷಿಯಲ್ ಹೆಸರು. ಎರಡೂ ಒಬ್ಬರದೇ ಅಂತ ಅಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಅರ್ಜಿ ತುಂಬುವಾಗ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ತುಂಬಿ. ಮೀಡಿಯಂ ಲೆಟರ್‌ನಲ್ಲಿ ನಾನು ಎರಡೂ ಹೆಸರು ಹಾಕುತ್ತೇನೆ, ಪಾಸ್‌ಪೋರ್ಟಿನದು ಮೊದಲು, ದಾಖಲೆಯಲ್ಲಿ ಇರುವುದು ಅದರ ಪಕ್ಕ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ ಅನ್ನುವವರು ಆರನೇ ಸೆಮಿಸ್ಟರಿನಲ್ಲೇ ಮಾಡಿಸಿಬಿಡಿ, ಅದಿಲ್ಲದೆ ಪರೀಕ್ಷೆಯ ಸೀಟು ಬುಕ್ ಮಾಡಿ ಪ್ರಯೋಜನವಿಲ್ಲ.

ಅಮೆರಿಕದ ಎಷ್ಟೋ ಕೋರ್ಸುಗಳಿಗೆ ಕೊನೆಯ ದಿನ ಡಿಸೆಂಬರ್, ಜನವರಿಯಲ್ಲಿ ಬರುತ್ತದೆ. ನಮ್ಮ ಆಫೀಸಿನಲ್ಲಿ ಆ ಹೊತ್ತಿಗೆ ಸೆಮಿಸ್ಟರ್ ಪರೀಕ್ಷೆ ನಡೆಯುತ್ತಿರುತ್ತದೆ, ಪ್ರಾಂಶುಪಾಲರು ಒಂದಲ್ಲ ಒಂದು ಮೀಟಿಂಗಿನಲ್ಲಿ ಇರುತ್ತಾರೆ, ‘ಇವತ್ತೇ ಬೇಕು ಮೇಡಂ’ ಅಂತ ಅಳುಮುಖ ಮಾಡಿದರೂ ಸಹಿ ಮಾಡುವವರು ಬರಬೇಕಲ್ಲ. ಸೆಪ್ಟೆಂಬರಿನಲ್ಲಿ ಬನ್ನಿ. ಪಾಸ್‌ಪೋರ್ಟಿನ ಜೆರಾಕ್ಸ್ ಒಂದು, ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಒಂದೊಂದು ತನ್ನಿ. ಊಟದ ಹೊತ್ತು ಬಿಟ್ಟು ಬಂದರೆ ಆವತ್ತೇ ಟೈಪ್ ಮಾಡಿ ಒಳಗೆ ಕಳಿಸುತ್ತೇನೆ.